ಸ್ನ್ಯಾಪ್‌ಡ್ರ್ಯಾಗನ್ ಬಿತ್ತುವ ಹೊತ್ತು

ಕೇಳುಗರಿಗೆ ನಮಸ್ಕಾರ. ಮಳೆ ಹಿಂದೆ ಸರಿದು ಬೆಳಗಿನ ಹೊತ್ತು ತುಸು ತಂಪು ಸುಳಿಯುತ್ತಿದೆ. ಡಿಸೆಂಬರ್, ಜನವರಿಯಲ್ಲಿ ಅಂಗಳದ ತುಂಬ ಸ್ನ್ಯಾಪ್‌ಡ್ರ್ಯಾಗನ್ ಅರಳಬೇಕು ಎನ್ನುವವರು ಬೀಜ ಹಾಕಬೇಕಾದ ಕಾಲ ಇದೇ. ನರ್ಸರಿಯಲ್ಲಿ ಡಾಗ್ ಫ್ಲವರ್ ಎಂದು ಕೇಳಿದರೂ ಕೊಡುತ್ತಾರೆ. ಎರಡೂ ಪಕ್ಕ ಮೆಲ್ಲಗೆ ಒತ್ತಿದರೆ ಬಾಯಿ ತೆರೆಯುವ ಹೂವು; ಮಕ್ಕಳಿಗೆ ಅಚ್ಚುಮೆಚ್ಚು.

ಇದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳ ಗಿಡ. ಬಿಸಿಲು ಬೇಕು, ಸೆಕೆ ಬೇಡ. ಹಾಗಾಗಿ ಬೆಂಗಳೂರು, ಮೈಸೂರು, ಹಾಸನ, ಕೊಡಗಿನ ಚಳಿಗಾಲ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕರಾವಳಿಯಲ್ಲಿ ಬೆಳೆಸುವುದು ಕಷ್ಟವೇ.

ಬೀಜ ಸಾಸಿವೆಗಿಂತ ಎಷ್ಟೋ ಸಣ್ಣದು, ಬರೀ ಪುಡಿ. ಇದರ ಮೇಲೆ ಮಣ್ಣು ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು. ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿದ ತಟ್ಟೆಯನ್ನು ಮೊದಲೇ ತೇವ ಮಾಡಿ. ಬೀಜಕ್ಕೆ ಒಣ ಮರಳು ಕಲಸಿ ಮೇಲೆ ಉದುರಿಸಿ, ಅಂಗೈಯಿಂದ ಹಗುರವಾಗಿ ಒತ್ತಿದರೆ ಸಾಕು. ಮೇಲಿನಿಂದ ನೀರು ಸುರಿದರೆ ಬೀಜವೆಲ್ಲ ಒಂದು ಮೂಲೆ ಸೇರುತ್ತದೆ. ತಟ್ಟೆಯನ್ನೇ ನೀರಿನಲ್ಲಿಟ್ಟು ಅಡಿಯಿಂದ ಹೀರಲು ಬಿಡಿ. ಹತ್ತರಿಂದ ಹದಿನಾಲ್ಕು ದಿನಕ್ಕೆ ಹಸಿರು ಕಾಣುತ್ತದೆ. ಆಮೇಲೆ ಅತಿ ತೇವ ಬೇಡ, ಎಳೆ ಸಸಿ ಬುಡದಲ್ಲೇ ಕೊಳೆತು ಬೀಳುತ್ತದೆ.

ನಾಲ್ಕೆಲೆ ಬಂದ ಮೇಲೆ ಸಸಿ ಕಿತ್ತು ಕುಂಡಕ್ಕೋ ಪಾತಿಗೋ ನೆಡಿ. ಗಿಡದಿಂದ ಗಿಡಕ್ಕೆ ಒಂದು ಗೇಣು ಬಿಡಿ. ಎತ್ತರದ ತಳಿಗೆ ಇನ್ನೂ ತುಸು ಹೆಚ್ಚು ಜಾಗ, ಜೊತೆಗೆ ಒಂದು ಊರುಗೋಲು.

ಇನ್ನು, ಬಹಳ ಮಂದಿ ಮನಸ್ಸು ಬಾರದೆ ಬಿಟ್ಟುಬಿಡುವ ಕೆಲಸ ಒಂದಿದೆ: ಕುಡಿ ಚಿವುಟುವುದು. ಗಿಡ ನಾಲ್ಕು ಅಂಗುಲ ಬೆಳೆದಾಗ ತುದಿಯನ್ನು ಉಗುರಿನಿಂದ ಚಿವುಟಿಬಿಡಿ. ತುದಿಯ ಕುಡಿ ಇರುವ ತನಕ ಕೆಳಗಿನ ಮೊಗ್ಗುಗಳಿಗೆ ಚಿಗುರಲು ಬಿಡುವುದಿಲ್ಲ. ಅದನ್ನು ತೆಗೆದರೆ ನಾಲ್ಕಾರು ಕವಲು ಒಡೆಯುತ್ತದೆ, ಕವಲಿಗೊಂದು ಹೂಗೊನೆ. ಹೂವು ಎರಡು ಮೂರು ವಾರ ತಡವಾಗಬಹುದು, ಆದರೆ ಗಿಡ ತುಂಬಿಕೊಳ್ಳುವುದನ್ನು ನೋಡಿದರೆ ಆ ಕಾಯುವಿಕೆ ಖಂಡಿತ ಸಾರ್ಥಕ ಅನ್ನಿಸುತ್ತದೆ. ಅರಳಿ ಬಾಡಿದ ಗೊನೆಯನ್ನೂ ಎಲೆಯ ಮೇಲ್ಭಾಗಕ್ಕೆ ಕತ್ತರಿಸಿ. ಬೀಜ ಕಟ್ಟಲು ಬಿಟ್ಟರೆ ಗಿಡ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ.

ವಾರಕ್ಕೊಮ್ಮೆ ಎಲೆ ತಿರುಗಿಸಿ ನೋಡಿ. ಅಡಿಯಲ್ಲಿ ಕಂದು ಪುಡಿಯ ಚುಕ್ಕೆ ಕಂಡರೆ ಅದು ತುಕ್ಕು ರೋಗ. ಆ ಎಲೆಗಳನ್ನು ಕಿತ್ತು ದೂರ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ನೀರನ್ನು ಬೆಳಗ್ಗೆಯೇ ಬುಡಕ್ಕೆ ಹಾಕಿ, ಎಲೆ ಒಣಗಿರಲಿ. ನಮಸ್ಕಾರ.