ಬಾವನಿಗೊಂದು ಗಾಲ್ಫ್ ಡ್ರೈವರ್: ಕೆಟ್ಟ ಹೊಡೆತ ನೋಡಿ ಆರಿಸಿದ ಕತೆ

ಈ ಗಾಲ್ಫ್ ಕ್ಲಬ್ಬಿನ, ಅಂದ್ರೆ ಚೆಂಡು ಹೊಡೆಯೋ ಕೋಲಿನ, ಮುಖದ ಮೇಲೆ ಬಿಳಿ ಪುಡಿ ಕಾಣ್ತಿದೆಯಲ್ಲ, ಅದು ಮನೇಲಿರೋ ಟಾಲ್ಕಂ ಪೌಡರೇ. ಒದ್ದೆ ಬಟ್ಟೇಲಿ ಒರೆಸಿ ಮೇಲೆ ಉದುರಿಸಿದ್ದು. ಚೆಂಡು ಬಡಿದ ಕಡೆಯೆಲ್ಲ ದುಂಡಗೆ ಪುಡಿ ಹೋಗಿದೆ ನೋಡಿ. ನಡುಮಧ್ಯದಲ್ಲಿ ಗುರುತೇ ಇಲ್ಲ ಅನ್ನಬಹುದು. ಮುಕ್ಕಾಲುಪಾಲು ಹೀಲ್ ಕಡೆ, ಅಂದ್ರೆ ಶಾಫ್ಟ್ ಅನ್ನೋ ಉದ್ದನೆ ಹಿಡಿ ಬಂದು ಸೇರೋ ಬದಿಗೆ. ಮಿಕ್ಕಿದ್ದು ಕೆಳ ಅಂಚಿಗೆ. ಹೊಡೆದೋರು ನಮ್ಮ ಬಾವ, ಅಕ್ಕನ ಗಂಡ. ಹೊಸೂರು ಸಿಪ್ಕಾಟ್‌ನಲ್ಲಿ ಶಿಫ್ಟ್ ಇಂಜಿನಿಯರ್, ಭಾನುವಾರ ಮಾತ್ರ ಗಾಲ್ಫರ್.

ಎಲ್ರಿಗೂ ನಮಸ್ಕಾರ. ತಳಿ ರಸ್ತೆ ಕಡೆ ಗಾಲ್ಫ್ ಅಭ್ಯಾಸದ ರೇಂಜ್‌ಗೆ ಬಂದಿದೀವಿ. ಬಾವನಿಗೆ ಹೊಸ ಡ್ರೈವರ್, ಅಂದ್ರೆ ಮೊದಲ ಹೊಡೆತ ದೂರಕ್ಕೆ ಹೊಡೆಯೋ ದೊಡ್ಡ ತಲೆಯ ಕ್ಲಬ್, ಬೇಕಂತೆ. ಫೋನ್ ತುಂಬಾ ಜಾಹೀರಾತಿನ ವಿಡಿಯೋ ಇಟ್ಕೊಂಡಿದಾರೆ. ಎಲ್ಲಾ ಕಂಪನಿಯೋರೂ ಹೇಳೋದು ಒಂದೇ: ಹೋದ ವರ್ಷದ್ದಕ್ಕಿಂತ ಇದು ದೂರ ಹೋಗುತ್ತೆ. ನಾನು ಕೇಳೋ ಪ್ರಶ್ನೆ ಬೇರೆ. ನಿಮ್ಮ ಅತ್ಯಂತ ಕೆಟ್ಟ ಹೊಡೆತ ಎಲ್ಲಿ ಹೋಗಿ ಬೀಳುತ್ತೆ? ಚೆನ್ನಾಗಿ ಕೂತ ಹೊಡೆತಕ್ಕೆ ಯಾವ ಡ್ರೈವರ್ ಆದ್ರೂ ಸರಿ, ಅದನ್ನ ನೋಡಿ ದುಡ್ಡು ಕೊಡೋದು ದಂಡ.

ದೂರದ ಮಾತಿಗೆ ಒಂದು ಬೇಲಿ ಇದೆ, ಅದನ್ನ ಮೊದಲು ತಿಳ್ಕೊಳ್ಳಿ. ಗಾಲ್ಫ್ ನಿಯಮ ಮಾಡೋದು ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಅನ್ನೋ ಎರಡು ಸಂಸ್ಥೆಗಳು. ಮುಖದ ಸ್ಪ್ರಿಂಗ್ ಎಷ್ಟಿರಬೇಕು ಅಂತ ಅವರು ಗೆರೆ ಹಾಕಿ ಇಪ್ಪತ್ತು ವರ್ಷ ದಾಟಿದೆ. ಲೆಕ್ಕದಲ್ಲಿ ಅದು 0.83. ತಲೆಯ ಗಾತ್ರಕ್ಕೂ ಮಿತಿ ಇದೆ, 460 ಸಿಸಿ. ಕಂಪನಿಗಳು ಈ ಗೆರೆ ಮುಟ್ಟಿ ಎಷ್ಟೋ ಕಾಲ ಆಯ್ತು. ಹಾಗಾಗಿ ನಡುಮಧ್ಯಕ್ಕೆ ಬಡಿದ ಚೆಂಡು ಏಳು ವರ್ಷದ ಹಳೇ ಡ್ರೈವರ್‌ನಲ್ಲೂ ಹೆಚ್ಚುಕಮ್ಮಿ ಅಷ್ಟೇ ವೇಗದಲ್ಲಿ ಹೊರಡುತ್ತೆ. ಸುಧಾರಿಸಿರೋದು ಮಧ್ಯ ಬಿಟ್ಟು ಪಕ್ಕಕ್ಕೆ ಬಿದ್ದ ಹೊಡೆತ. ಬಾವನ ಪುಡಿ ನೋಡಿದ್ರಲ್ಲ, ಅವರು ಆಡೋದೆಲ್ಲ ಆ ಪಕ್ಕದಲ್ಲೇ.

ಅದು ಹೇಗೆ ಸುಧಾರಿಸ್ತು ಅಂದ್ರೆ, ಡ್ರೈವರ್ ತಲೆ ತೂಗೋದು ಸುಮಾರು 200 ಗ್ರಾಂ ಅಷ್ಟೇ. ಆ 200 ಗ್ರಾಂನ ಎಲ್ಲೆಲ್ಲಿ ಇಟ್ಟಿದಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ನಮ್ಮ ಕಡೆ ಆಡಿ ಕೃತ್ತಿಕೆಗೆ ಕಾವಡಿ ಹೊತ್ತು ಬೆಟ್ಟ ಹತ್ತೋರನ್ನ ನೋಡಿದೀರಲ್ಲ. ಕೋಲಿನ ಎರಡೂ ತುದೀಲಿ ಭಾರ ಇದ್ದಾಗ ಯಾರಾದ್ರೂ ಪಕ್ಕದಲ್ಲಿ ತಾಗಿದ್ರೂ ಕೋಲು ಅಷ್ಟು ಬೇಗ ತಿರುಗಲ್ಲ. ಅದೇ ಭಾರ ಹೆಗಲ ಹತ್ತಿರ ಗಂಟು ಕಟ್ಟಿದ್ರೆ ಬೆರಳಲ್ಲಿ ತಿರುಗಿಸಬಹುದು. ಡ್ರೈವರ್‌ನಲ್ಲೂ ಭಾರವನ್ನ ಹಿಂದಕ್ಕೆ, ಅಂಚಿಗೆ ತಳ್ಳಿದಷ್ಟೂ ಚೆಂಡು ಹೀಲ್‌ಗೋ ಎದುರು ತುದಿಯ ಟೋಗೋ ಬಡಿದಾಗ ತಲೆ ತಿರುಚಿಕೊಳ್ಳೋದು ಕಮ್ಮಿ. ವೇಗ ಉಳಿಯುತ್ತೆ, ದಾರಿ ಕೆಡೋದೂ ಕಮ್ಮಿ. ಇದರ ಅಳತೆಯೇ ಎಂಒಐ. ಅಡ್ಡಡ್ಡ ತಿರುಗೋದಕ್ಕೆ ನಿಯಮದ ಮಿತಿ 5,900 ಗ್ರಾಂ-ಚದರ ಸೆಂಟಿಮೀಟರ್.

2024ರಲ್ಲಿ 10ಕೆ, 10ಕೆ ಅಂತ ಒಂದು ಗದ್ದಲ ಎದ್ದಿತ್ತು, ನೆನಪಿದೆಯಾ? ಪಿಂಗ್ ಜಿ430 ಮ್ಯಾಕ್ಸ್ 10ಕೆ, ಟೇಲರ್‌ಮೇಡ್ ಕ್ಯೂಐ10 ಮ್ಯಾಕ್ಸ್, ಎರಡೂ ಆ ವರ್ಷದ್ದೇ. 5,900 ಮಿತಿ ಇರೋವಾಗ 10,000 ಎಲ್ಲಿಂದ ಬಂತು ಅಂತ ಬಾವ ಕೇಳಿದ್ರು. ಇಂಜಿನಿಯರ್ ಅಲ್ವಾ, ಕೇಳ್ತಾರೆ. ಅಡ್ಡಡ್ಡ ತಿರುಗೋದರ ಜೊತೆ ಮೇಲೆ-ಕೆಳಗೆ ಬಾಗೋದರ ಅಳತೇನೂ ಕೂಡಿಸಿದ ಮೊತ್ತ ಅದು. ಮೋಸ ಅಲ್ಲ. ಕೆಳ ಅಂಚಿಗೆ ಹೊಡೆಯೋರಿಗೆ ಅದರಿಂದ ಲಾಭ ಇದೆ. ಪೆಟ್ಟಿಗೆ ಮೇಲೆ ದೊಡ್ಡ ನಂಬರ್ ಇದ್ರೆ ಮಾರೋದು ಸುಲಭ ಅನ್ನೋದೂ ಇದೆ.

ಮಾಡೆಲ್ ಹೆಸರಿನ ಬಾಲ ನೋಡಿ. ಮ್ಯಾಕ್ಸ್ ಅಂತಿದ್ರೆ ಸಾಮಾನ್ಯವಾಗಿ ಭಾರ ಹಿಂದೆ ಇರುತ್ತೆ. ಎಲ್‌ಎಸ್ ಅಂದ್ರೆ ಲೋ ಸ್ಪಿನ್, ಭಾರ ಮುಖದ ಹತ್ತಿರ, ಜೋರಾಗಿ ಬೀಸೋರಿಗೆ. ಬಾವನ ಗೆಳೆಯರು ಕೊಡಿಸಿದ ಹಳೇ ಡ್ರೈವರ್ ಎಂಥದ್ದು ಅಂತ ಊಹಿಸಿ. ಎಲ್‌ಎಸ್, ಅದೂ 9 ಡಿಗ್ರಿ ಲಾಫ್ಟ್, ಅಂದ್ರೆ ಮುಖ ಹಿಂದಕ್ಕೆ ವಾಲಿರೋ ಕೋನ.

ಈ ಡಿಗ್ರಿ ವಿಷಯಕ್ಕೆ ಬರ್ತೀನಿ, ಜಗಳ ಆಗಿದ್ದು ಇಲ್ಲೇ. ಲಾಫ್ಟ್ ಕಮ್ಮಿ ಇದ್ರೆ ಗಂಡಸುತನ ಅಂತ ಯಾರು ಹೇಳ್ಕೊಟ್ರೋ ಗೊತ್ತಿಲ್ಲ, ನಾನು ಹನ್ನೆರಡು ಡಿಗ್ರಿ ಅಂದ ತಕ್ಷಣ ಬಾವ "ಅದು ಲೇಡೀಸ್ ಕ್ಲಬ್ ಕಣಮ್ಮ" ಅಂದ್ರು. ಟಿವೀಲಿ ನೋಡೋ ಪಿಜಿಎ ಟೂರ್ ಆಟಗಾರರು ಕ್ಲಬ್ ಬೀಸೋ ಸರಾಸರಿ ವೇಗ ಗಂಟೆಗೆ 113 ಮೈಲಿಗೂ ಮೇಲೆ. ಟ್ರ್ಯಾಕ್‌ಮ್ಯಾನ್ ಅನ್ನೋ ರೇಡಾರ್ ಯಂತ್ರದ ಲೆಕ್ಕದಲ್ಲಿ ಸಾಧಾರಣ ಹವ್ಯಾಸಿ ಗಂಡಸಿನ ವೇಗ ಸುಮಾರು 93. ಬಾವನದ್ದು ಅದಕ್ಕಿಂತ ಕೆಳಗೆ. ಆ ವೇಗದಲ್ಲಿ 9 ಡಿಗ್ರಿ ಮುಖ ಚೆಂಡನ್ನ ಮೇಲಕ್ಕೇ ಏಳಿಸಲ್ಲ, ಹೊರಟ ಚೂರು ಹೊತ್ತಿಗೇ ಕೆಳಗೆ ಬಂದ್ಬಿಡುತ್ತೆ. ಮಾರ್ಚ್‌ನಲ್ಲಿ ನೆಲ ಒಣಗಿದ್ದಾಗ ಉರುಳಿಕೊಂಡಾದ್ರೂ ಹೋಗುತ್ತೆ. ಮಳೆ ಬಂದು ಹುಲ್ಲು ಒದ್ದೆಯಾದ್ರೆ ಬಿದ್ದಲ್ಲೇ ಕೂರುತ್ತೆ.

ಲಾಫ್ಟ್ ಹೆಚ್ಚಾದ್ರೆ ಇನ್ನೊಂದು ಉಪಕಾರ. ಚೆಂಡಿಗೆ ಹಿಂದೆ ಸುತ್ತೋ ಸ್ಪಿನ್ ಜಾಸ್ತಿ ಸಿಗೋದ್ರಿಂದ ಪಕ್ಕಕ್ಕೆ ವಾಲೋದು ಕಮ್ಮಿಯಾಗುತ್ತೆ. ಸ್ಲೈಸ್, ಅಂದ್ರೆ ಪಕ್ಕಕ್ಕೆ ಬಾಗಿ ಹೋಗೋ ಹೊಡೆತ, ಹೊಡೆಯೋರಿಗೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ. ಬಲಗೈಯವರ ಸ್ಲೈಸ್ ಬಲಕ್ಕೆ ತಿರುಗುತ್ತೆ, ಹೀಲ್‌ಗೆ ಬಡಿದ ಚೆಂಡಿಗೆ ಮುಖದ ತಿರುಚು ಅದೇ ಕಡೆಗೆ ಇನ್ನಷ್ಟು ಸ್ಪಿನ್ ಸೇರಿಸುತ್ತೆ. ಬ್ಯಾಗ್ ಹೊರೋ ನಮ್ಮ ಕ್ಯಾಡಿ ಅಣ್ಣ ಚೆಂಡು ಎಣಿಸೋದು ತೆಲುಗಲ್ಲಿ, ಬೈಯೋದು ತಮಿಳಲ್ಲಿ, ಬುದ್ಧಿ ಹೇಳೋದು ಮಾತ್ರ ಕನ್ನಡದಲ್ಲಿ. ಬಾವ ಟೀ ಮೇಲೆ, ಅಂದ್ರೆ ಮೊದಲ ಹೊಡೆತದ ಜಾಗದಲ್ಲಿ, ನಿಂತ್ರೆ ಸಾಕು, "ಸಾರ್, ಎಡಗಡೆ ಎಲ್ರೂ ನೆಮ್ಮದಿಯಾಗಿದಾರೆ, ಬಲಗಡೆಯೋರಿಗೆ ಒಂದು ಮಾತು ಹೇಳ್ಬಿಡಿ" ಅಂತಾರೆ.

ಡ್ರಾ ಬಯಾಸ್, ಅಂದ್ರೆ ಚೆಂಡನ್ನ ಎಡಕ್ಕೆ ಬಾಗಿಸೋಕೆ ನೆರವಾಗೋದು, ಅಂತ ಬರೋ ಡ್ರೈವರ್‌ಗಳೂ ಇವೆ, ಪಿಂಗ್‌ನ ಎಸ್‌ಎಫ್‌ಟಿ ಥರದ್ದು. ಹೀಲ್ ಕಡೆ ಭಾರ ಜಾಸ್ತಿ ಇಟ್ಟಿರ್ತಾರೆ, ಮುಖ ಬೇಗ ಮುಚ್ಚಿಕೊಳ್ಳಲಿ ಅಂತ. ಎಷ್ಟೇ ಆಡಿದ್ರೂ ಬಲಕ್ಕೇ ಹೋಗೋರು ನಾಚಿಕೆ ಬಿಟ್ಟು ತಗೊಳ್ಳಿ. ಒಮ್ಮೆ ಎಡ ಒಮ್ಮೆ ಬಲ ಅನ್ನೋರಿಗೆ ಬೇಡ.

ಶಾಫ್ಟ್ ಬಗ್ಗೆ ಜಾಸ್ತಿ ಎಳೆಯಲ್ಲ. ಅದು ಎಷ್ಟು ಬಳುಕುತ್ತೆ ಅಂತ ಹೇಳೋ ರೆಗ್ಯುಲರ್, ಸ್ಟಿಫ್ ಅನ್ನೋ ಹೆಸರುಗಳಿಗೆ ಎಲ್ಲಾ ಕಂಪನಿಗೂ ಒಂದೇ ಅಳತೆ ಅಂತಿಲ್ಲ. ಒಬ್ಬರ ಸ್ಟಿಫ್ ಇನ್ನೊಬ್ಬರ ರೆಗ್ಯುಲರ್. ಕೈಯಲ್ಲಿ ಬೀಸಿ ನೋಡೋದೇ ದಾರಿ. ಉದ್ದ ಮಾತ್ರ ಗಮನಿಸಿ. ಅಂಗಡೀಲಿ ಸಿಗೋದು ಹೆಚ್ಚಾಗಿ 45.5 ಇಂಚು. ಒಂದಿಂಚು ಕೆಳಗೆ ಹಿಡಿದು ಹೊಡೆದು ನೋಡಿ, ಖರ್ಚಿಲ್ಲದ ಪರೀಕ್ಷೆ. ಬಾವ ಹಾಗೆ ಹಿಡಿದ ಮೇಲೆ ಪುಡಿ ಮೇಲಿನ ಗುರುತುಗಳು ಹೀಲ್ ಬಿಟ್ಟು ಒಳಗೆ ಬಂದು ಗುಂಪಾದವು. ಇಗೋ, ಎಡಗಡೆ ಫೋಟೋ ಮೊದಲಿನದ್ದು, ಬಲಗಡೆಯದ್ದು ಆಮೇಲಿನದ್ದು. ಸಮಾಧಾನ ಆದ್ರೆ ಶಾಫ್ಟ್ ಕತ್ತರಿಸಬಹುದು. ಆದ್ರೆ ಅರ್ಧ ಇಂಚು ಕತ್ತರಿಸಿದ್ರೂ ತಲೆ ಹಗುರ ಅನ್ನಿಸುತ್ತೆ, ತಳಕ್ಕೆ ಸೀಸದ ಟೇಪ್ ಅಂಟಿಸಬೇಕಾಗುತ್ತೆ.

ಹಾಂ, ಪುಡಿ ಇರೋವಾಗ ಚೆಂಡು ಹಾರಿದ ದಾರಿ ನಂಬಬೇಡಿ. ಮುಖ ಜಾರೋದ್ರಿಂದ ಸ್ಪಿನ್ ಬದಲಾಗುತ್ತೆ. ಪುಡಿ ಹಾಕಿದಾಗ ಗುರುತು ನೋಡಿ, ಒರೆಸಿ ಹೊಡೆದಾಗ ದಾರಿ ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ಬಾವನ ತಲೇಲಿ ದೂರದ ಹುಳ ಹೋಗಿರಲಿಲ್ಲ. ಆಗ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಹೆಸರು ಎತ್ತಿದೆ. ಇಲ್ಲಿಂದ ಅತ್ತಿಬೆಲೆ ದಾಟಿದ್ರೆ ಬೆಂಗಳೂರು, ಆ ಊರಿನ ಹುಡುಗಿ. ಟೋಕಿಯೋ ಒಲಿಂಪಿಕ್ಸ್ ನಡೆದ 2021ರಲ್ಲಿ, ಅಮ್ಮ ಬ್ಯಾಗ್ ಹೊತ್ಕೊಂಡು ಜೊತೆಗಿದ್ರು, ಈಕೆ ನಾಲ್ಕನೇ ಸ್ಥಾನ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತಕ್ಕೆ. ಟೀಯಿಂದ ದೂರ ಹೊಡೆಯೋರ ಪಟ್ಟೀಲಿ ಆಕೆ ಆಗ ತೀರಾ ಕೆಳಗೆ. ಚೆಂಡು ಫೇರ್‌ವೇ ಅನ್ನೋ ಕತ್ತರಿಸಿದ ಹುಲ್ಲಿನ ದಾರಿ ಮೇಲೇ ಇರ್ತಿತ್ತು, ಕುಳಿಗೆ ಚೆಂಡು ಉರುಳಿಸೋ ಪಟ್ಟಿಂಗ್ ಅಂತೂ ಕೇಳೋದೇ ಬೇಡ. ಬಾವ ಸ್ವಲ್ಪ ಹೊತ್ತು ಸುಮ್ನಿದ್ದು, "ಆಕೆ ಎಷ್ಟು ಡಿಗ್ರಿ ಹೊಡೀತಾಳೆ?" ಅಂದ್ರು.

ಇನ್ನೊಂದು ಲೆಕ್ಕ. ಹೊಸೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳುವಾಗಿರೋದ್ರಿಂದ ಚೆಂಡು ಕರಾವಳಿಗಿಂತ ನೂರಕ್ಕೆ ಮೂರರಷ್ಟು ಜಾಸ್ತಿ ಹಾರುತ್ತೆ. ಊಟೀಲಿ ಇನ್ನೂ ಜಾಸ್ತಿ. ಮಂಗಳೂರಿನ ಪಿಲಿಕುಳ ಗಾಲ್ಫ್ ಮೈದಾನಕ್ಕೆ ಹೋಗಿ ಆಡಿ, ಚೆಂಡು ಗಿಡ್ಡ ಬಿತ್ತು ಅಂತ ಡ್ರೈವರ್ ಮಾರೋಕೆ ಹೊರಡಬೇಡಿ.

ಕೊನೆಗೆ ಏನು ತಗೊಂಡ್ವಿ? ದೊಡ್ಡ ಬ್ರಾಂಡಿನ ಹೊಸ ಮಾಡೆಲ್ ಅಂದ್ರೆ ಅರ್ಧ ಲಕ್ಷದ ಮಾತು. ನಾವು ನೋಡಿದ್ದು ಎರಡು ತಲೆಮಾರು ಹಳೇದು, ಸೆಕೆಂಡ್ ಹ್ಯಾಂಡ್, ಮ್ಯಾಕ್ಸ್ ತಲೆ, 10.5 ಡಿಗ್ರಿ. ಶಾಫ್ಟ್ ತಲೆಗೆ ಸೇರೋ ಕುತ್ತಿಗೆ, ಹೋಸೆಲ್, ತಿರುಗಿಸಿ ಲಾಫ್ಟ್ ಏರಿಸಬಹುದು, ಏರಿಸಿದ್ರೆ ಮುಖ ಕೂಡ ಚೂರು ಮುಚ್ಚಿಕೊಳ್ಳುತ್ತೆ, ಬಾವನಿಗೆ ಅದೇ ಬೇಕು. ಹಳೇದು ಕೊಳ್ಳೋರು ಮುಖದ ಮೇಲೆ ಉಗುರು ಎಳೆದು ಕೂದಲೆಳೆ ಬಿರುಕು ಇದೆಯಾ ನೋಡಿ. ತಲೆಯನ್ನ ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಗಿಲಗಿಲ ಅಂದ್ರೆ ಅಂಟು ಕಿತ್ತಿರುತ್ತೆ. ನಕಲಿ ಮಾಲೂ ಓಡಾಡುತ್ತೆ, ಹೋಸೆಲ್ ಮೇಲಿನ ಸೀರಿಯಲ್ ನಂಬರ್ ಕಂಪನಿಗೆ ಕಳಿಸಿ ಕೇಳಿ. ತೀರಾ ಅಗ್ಗಕ್ಕೆ ಕೊಡ್ತೀನಿ ಅಂದ್ರೆ ಅಲ್ಲೇ ಅನುಮಾನ ಪಡಿ.

ಬಾವ ಲಾಫ್ಟ್‌ನ ಪೂರ್ತಿ ಮೇಲಕ್ಕೆ ತಿರುಗಿಸಿ ಬಿಗಿ ಮಾಡ್ಕೊಂಡಿದಾರೆ. ತಳದಲ್ಲಿ ಕಾಣೋದು ಮಾತ್ರ 10.5 ಅಂತಾನೇ. ಗೆಳೆಯರು ಕೇಳಿದ್ರೆ ಆ ನಂಬರ್ ತೋರಿಸ್ತಾರಂತೆ. ಈ ವಿಡಿಯೋನ ಅವರ ಗ್ರೂಪ್‌ಗೆ ಮಾತ್ರ ಕಳಿಸಬೇಡ ಅಂತ ನನಗೆ ಹೇಳಿಟ್ಟಿದಾರೆ.