ಲಿಂಕನ್ ಅಂಗಡಿ ಯಾಕೆ ಮುಳುಗಿತು?

ವರ್ತಕರ ಸಂಘದ ಹಿರಿಯರಿಗೆ, ಗೆಳೆಯರಿಗೆ ನಮಸ್ಕಾರ.

ಅಬ್ರಹಾಂ ಲಿಂಕನ್ ಯಾರು ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ಗುಲಾಮಗಿರಿ, ಅಂತರ್ಯುದ್ಧ, ಗೆಟ್ಟಿಸ್‌ಬರ್ಗ್ ಭಾಷಣ ಎಲ್ಲ ನಿಮಗೆ ಗೊತ್ತು. ನಾನು ಮಾತಾಡಲು ಬಂದಿರುವುದು ಗಲ್ಲಾ ಮುಂದೆ ನಿಂತಿದ್ದ ಲಿಂಕನ್ ಬಗ್ಗೆ.

ಅವನು ಓದುತ್ತಾ ಕೂತಿದ್ದ, ಪಾಲುದಾರ ಬೆರಿ ಕುಡಿಯುತ್ತಿದ್ದ, ಅದಕ್ಕೇ ಅಂಗಡಿ ಮುಳುಗಿತು ಅಂತ ಸಾಮಾನ್ಯವಾಗಿ ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಆ ಊರಲ್ಲಿ ದುಡ್ಡು ಇರಲಿಲ್ಲ, ಪ್ರೋನೋಟು ಇತ್ತು, ಅಂದರೆ ಇಷ್ಟು ಹಣ ಕೊಡುತ್ತೇನೆ ಅಂತ ಸಹಿ ಹಾಕಿದ ಸಾಲಪತ್ರ. ಅಂಗಡಿ ಮುಳುಗಿದ್ದು ಅದರಿಂದ.

ಊರು ನ್ಯೂ ಸೇಲಂ. ಇಲಿನಾಯ್ ರಾಜ್ಯದಲ್ಲಿ ಸ್ಯಾಂಗಮನ್ ನದಿಯ ದಂಡೆಯ ಮೇಲಿನ ಗುಡ್ಡ. ಒಂದು ಗಿರಣಿ, ಕೆಲವು ಮರದ ಮನೆಗಳು, ಅಷ್ಟೇ. ಲಿಂಕನ್ 1831ರಲ್ಲಿ ಅಲ್ಲಿಗೆ ಬಂದಾಗ 22 ವರ್ಷ. ಮೊದಲು ಡೆಂಟನ್ ಆಫಟ್ ಎಂಬುವನ ಅಂಗಡಿಯಲ್ಲಿ ಗುಮಾಸ್ತ. ಆ ಅಂಗಡಿ ವರ್ಷ ತುಂಬುವ ಮೊದಲೇ ಮುಚ್ಚಿತು. ಅಲ್ಲಿ ಓದುವವನೂ ಇರಲಿಲ್ಲ, ಬೆರಿಯೂ ಇರಲಿಲ್ಲ... ಓದುವವನು ಇದ್ದ, ಸರಿ, ಆದರೆ ಅವನು ಮಾಲೀಕ ಅಲ್ಲ!

ಹಾಗಾದರೆ ಅಲ್ಲಿ ಅಂಗಡಿ ಇಡುವ ಧೈರ್ಯ ಯಾಕೆ ಬಂತು? ನದಿಯಲ್ಲಿ ಹಡಗು ಓಡುತ್ತದೆ ಅನ್ನುವ ಆಸೆ. 1832ರಲ್ಲಿ ಟ್ಯಾಲಿಸ್ಮನ್ ಎಂಬ ಉಗಿಹಡಗು ಬಂದೂ ಬಂತು. ದಡದಲ್ಲೆಲ್ಲ ಸಂಭ್ರಮ. ಅಷ್ಟರಲ್ಲಿ ನೀರು ಇಳಿಯಿತು. ವಾಪಸ್ ಹೋಗುವಾಗ ಗಿರಣಿಯ ಒಡ್ಡನ್ನೇ ಸ್ವಲ್ಪ ಒಡೆದು ದಾರಿ ಮಾಡಬೇಕಾಯಿತು. ಹಡಗು ನಡೆಸಲು ನೆರವಾದವರಲ್ಲಿ ನಮ್ಮ ಲಿಂಕನ್ನೂ ಒಬ್ಬ. ಹಡಗಿನ ಆಸೆ ಅಲ್ಲಿಗೆ ಮುಗಿಯಿತು. ಆದರೆ ಅದೇ ವರ್ಷ ಅವನು ವಿಲಿಯಂ ಬೆರಿ ಜೊತೆ ಅಂಗಡಿಗೆ ಪಾಲುದಾರನಾದ. ಬಂಡವಾಳ? ಬರೀ ಸಹಿ!

ಈಗ ರಾಡ್‌ಫರ್ಡ್ ಕಥೆ. ಸ್ವಲ್ಪ ಉದ್ದ, ಆದರೂ ಹೇಳಲೇಬೇಕು. ರೂಬೆನ್ ರಾಡ್‌ಫರ್ಡ್‌ಗೂ ಅದೇ ಊರಲ್ಲಿ ಅಂಗಡಿ. ಪಕ್ಕದ ಕ್ಲೇರಿಸ್ ಗ್ರೋವ್ ಹುಡುಗರು ಅಂದರೆ ಎಲ್ಲರಿಗೂ ಭಯ. ಒಂದು ದಿನ ರಾಡ್‌ಫರ್ಡ್ ಹೊರಗೆ ಹೋಗುವಾಗ ತಮ್ಮನನ್ನು ಕೂರಿಸಿ, "ಆ ಹುಡುಗರು ಬಂದರೆ ತಲೆಗೆ ಎರಡೇ ಗ್ಲಾಸು ಕೊಡು, ಜಾಸ್ತಿ ಬೇಡ" ಅಂದನಂತೆ. ಹುಡುಗರು ಬಂದರು. ಎರಡು ಕುಡಿದರು, ಮೂರನೆಯದು ಕೇಳಿದರು. ತಮ್ಮ ಕೊಡಲಿಲ್ಲ. ಅವರೇ ಸುರಿದುಕೊಂಡು ಕುಡಿದರು. ಆಮೇಲೆ ಪಿಂಗಾಣಿ ಸಾಮಾನು, ಕಿಟಕಿ, ಯಾವುದನ್ನೂ ಬಿಡಲಿಲ್ಲ. ರಾಡ್‌ಫರ್ಡ್ ಬಂದು ನೋಡಿದ. ಸಾಕಪ್ಪಾ ಈ ವ್ಯಾಪಾರ ಅನ್ನಿಸಿತು. ಮೊದಲು ಸಿಕ್ಕ ವಿಲಿಯಂ ಗ್ರೀನ್ ಎಂಬ ಹುಡುಗನಿಗೆ 400 ಡಾಲರಿಗೆ ಅಂಗಡಿ ಮಾರಿಬಿಟ್ಟ. ಗ್ರೀನ್ ಹತ್ತಿರವೂ ದುಡ್ಡಿಲ್ಲ, ಹೆಚ್ಚಿನದು ಪ್ರೋನೋಟು. ಆ ಸರಕನ್ನು ಲಿಂಕನ್, ಬೆರಿ 750 ಡಾಲರಿಗೆ ಕೊಂಡರು. ಒಂದಿಷ್ಟು ನಗದು, ಒಂದು ಕುದುರೆ, ಮಿಕ್ಕದ್ದಕ್ಕೆ ಗ್ರೀನ್ ಕೊಟ್ಟಿದ್ದ ಸಾಲಪತ್ರ ಇವರ ತಲೆಗೆ!

ನೋಡಿದಿರಾ? ಅಂಗಡಿ ಮೂರು ಕೈ ದಾಟಿತು, ನಿಜವಾದ ದುಡ್ಡು ಕಂಡದ್ದು ಎಷ್ಟು? ಗಿರಾಕಿಗಳ ಕಥೆಯೂ ಅಷ್ಟೇ. ರೈತರು ಉಪ್ಪು, ಸಕ್ಕರೆ, ಕಾಫಿ, ಬಟ್ಟೆ ಉದ್ರಿ ಒಯ್ಯುತ್ತಿದ್ದರು. ಬದಲಿಗೆ ಬೆಣ್ಣೆ, ಮೊಟ್ಟೆ, ಜೇನು ತರುತ್ತಿದ್ದರು. ಸಾಲ ಕೊಟ್ಟವನಿಗೆ ಮೊಟ್ಟೆ ಕೊಟ್ಟು ಪ್ರೋನೋಟು ಹರಿಸಿಕೊಳ್ಳಲು ಆಗುತ್ತದಾ? ಬೆರಿ ಒಂದು ಹನಿ ಕುಡಿಯದಿದ್ದರೂ ಈ ಲೆಕ್ಕ ಕೂಡುತ್ತಿರಲಿಲ್ಲ. ಸಾಲದ ಮೇಲೆ ಸಾಲ ಬೆಳೆಯಿತೇ ಹೊರತು ಬೇರೇನೂ ಆಗಲಿಲ್ಲ ಅಂತ 1860ರಲ್ಲಿ ಲಿಂಕನ್ನೇ ಬರೆದುಕೊಂಡಿದ್ದಾನೆ.

ಈ ಸಾಲಪತ್ರಗಳು ಕೈಯಿಂದ ಕೈಗೆ ಹೋದವು. ಕೊನೆಗೆ ಕೋರ್ಟಿಗೆ ಹೋದವನು ಅಂಗಡಿ ಮಾರಿದ ರಾಡ್‌ಫರ್ಡ್ ಅಲ್ಲ, ಪೀಟರ್ ವಾನ್ ಬರ್ಗನ್ ಎಂಬ ಬೇರೊಬ್ಬ. ಅಷ್ಟು ಹೊತ್ತಿಗೆ ಲಿಂಕನ್ ಜಮೀನು ಅಳೆಯುವ ಸರ್ವೇಯರ್ ಆಗಿ ಹೊಟ್ಟೆ ಹೊರೆಯುತ್ತಿದ್ದ. ಅವನ ಕುದುರೆ, ಜೀನು, ಅಳತೆಯ ಸಾಮಾನು ಎಲ್ಲ ಜಪ್ತಿ ಆಯಿತು. ಹರಾಜಿನಲ್ಲಿ ಜೇಮ್ಸ್ ಶಾರ್ಟ್ ಎಂಬ ರೈತ 120 ಡಾಲರಿಗೆ ಕೂಗಿ, ಎಲ್ಲವನ್ನೂ ತಂದು ಲಿಂಕನ್‌ಗೇ ಕೊಟ್ಟುಬಿಟ್ಟ. ಈ ಭಾಗ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಲಿಂಕನ್ ಆ ಹಣ ಹಿಂತಿರುಗಿಸಿದ. ಅಧ್ಯಕ್ಷನಾದ ಮೇಲೂ ಶಾರ್ಟ್‌ನನ್ನು ಮರೆಯಲಿಲ್ಲ, ಸರ್ಕಾರಿ ಕೆಲಸ ಕೊಟ್ಟ.

ಸಮಯ ಆಯಿತು ಅಂತ ಕಾರ್ಯದರ್ಶಿಗಳು ಕೈ ತೋರಿಸುತ್ತಿದ್ದಾರೆ. ಅವನು 1833ರಲ್ಲಿ ಪೋಸ್ಟ್‌ಮಾಸ್ಟರ್ ಆದದ್ದು ಹೇಳಬೇಕಿತ್ತು, ಬಿಡುತ್ತೇನೆ. ಬೆರಿ ವಿಷಯ ಮಾತ್ರ ಬಿಡಲಾರೆ. ಬೆರಿ 1835ರ ಜನವರಿಯಲ್ಲಿ ಸತ್ತ. ಅವನ ಪಾಲೂ ಸೇರಿ ಸುಮಾರು 1,100 ಡಾಲರ್ ಸಾಲ ಲಿಂಕನ್ ಮೇಲೆ ಬಿತ್ತು. ಅದನ್ನು ಅವನು ತಮಾಷೆಗೆ ದೇಶದ ಸಾಲ ಅನ್ನುತ್ತಿದ್ದ. ಆ ಕಾಲದಲ್ಲಿ ಸೋತ ವರ್ತಕರು ರಾತ್ರೋರಾತ್ರಿ ಪಶ್ಚಿಮಕ್ಕೆ ಗಾಡಿ ಕಟ್ಟುತ್ತಿದ್ದರು. ಇವನು ಅಲ್ಲೇ ನಿಂತು ವರ್ಷಗಟ್ಟಲೆ ತೀರಿಸಿದ. ಬೆರಿಯನ್ನು ಬಯ್ಯುವವರು ಇದನ್ನೂ ನೋಡಬೇಕು. ಸತ್ತ ಪಾಲುದಾರನ ಸಾಲ ಹೊತ್ತವನು ಅವನನ್ನು ಬಯ್ದುಕೊಂಡು ಓಡಾಡಲಿಲ್ಲ.

ನ್ಯೂ ಸೇಲಂ 1840ರ ಹೊತ್ತಿಗೆ ಖಾಲಿಯಾಯಿತು. ಈಗ ಅದೇ ಜಾಗದಲ್ಲಿ ಮನೆ, ಅಂಗಡಿಗಳನ್ನು ಮತ್ತೆ ಕಟ್ಟಿ ಇಟ್ಟಿದ್ದಾರೆ. ಸ್ಪ್ರಿಂಗ್‌ಫೀಲ್ಡ್‌ನಿಂದ ಸುಮಾರು 20 ಮೈಲಿ. ಮಕ್ಕಳು ಅಮೆರಿಕದಲ್ಲಿ ಇರುವವರು ಆ ಕಡೆ ಹೋದರೆ ಬೆರಿ-ಲಿಂಕನ್ ಅಂಗಡಿ ನೋಡಿಕೊಂಡು ಬನ್ನಿ. ಪ್ರಶ್ನೆ ಇದ್ದವರು ಈಗ ಕೇಳಬಹುದು.