ಹಿಟ್ಟಿನ ಒತ್ತು ಎಲ್ಲಿ ಹೋಯಿತು?

ಕೇಳುಗರಿಗೆ ನಮಸ್ಕಾರ. ಅಕ್ಷರಗಳ ಆಕಾರದ ಬಗ್ಗೆ ಮಾತನಾಡಲು ನನ್ನನ್ನು ರೇಡಿಯೊಗೆ ಕರೆದಿದ್ದಾರೆ. ಕಣ್ಣಿಗೆ ತೋರಿಸಬೇಕಾದದ್ದನ್ನು ಕಿವಿಗೆ ಹೇಳಬೇಕು. ಆದ್ದರಿಂದ ನಿಮ್ಮಿಂದ ಒಂದು ಸಹಾಯ ಬೇಕು. ಎಡ ಅಂಗೈ ಬಿಡಿಸಿ, ಬಲಗೈ ತೋರುಬೆರಳಿನಿಂದ ಅದರ ಮೇಲೆ ಒಂದು 'ಪ' ಬರೆಯಿರಿ. ಅಡುಗೆಮನೆಯಲ್ಲಿರುವವರು ಹಿಟ್ಟಿನ ಕೈಯಲ್ಲೇ ಬರೆಯಬಹುದು, ತೊಂದರೆಯಿಲ್ಲ. ಈಗ ಅದರ ಹೊಟ್ಟೆಯೊಳಗೆ ಒಂದು ಗೀಟು ಎಳೆಯಿರಿ. 'ಷ' ಆಯಿತು. ಆ ಗೀಟನ್ನು ಒರೆಸಿ, ಬುಡಕ್ಕೆ ಒಂದು ಸಣ್ಣ ಗೀಟು ಕೊಡಿ. 'ಫ' ಆಯಿತು. ಒಂದೇ ಮೈ, ಮೂರು ಅಕ್ಷರ. ಒಂದನೇ ತರಗತಿಯಿಂದ ಬರೆಯುತ್ತಿದ್ದೀರಿ. ಎಷ್ಟು ಜನ ಇದನ್ನು ನಿಂತು ನೋಡಿದ್ದೀರಿ?

ನಾನು ಇವತ್ತು ಹೇಳುವುದು ಇಷ್ಟೇ: ದಿನಕ್ಕೊಂದು ಅಕ್ಷರ ಬರೆಯಿರಿ. ಕೈಯಲ್ಲಿ ಬರೆಯಿರಿ. ಅಂಗೈ ಅಗಲ ಬರೆಯಿರಿ. ಇದನ್ನು ಇನ್ನೂ ಮೂರು ಬಾರಿ ಹೇಳುವವನಿದ್ದೇನೆ, ಈಗಲೇ ಕ್ಷಮೆ ಕೇಳಿಬಿಡುತ್ತೇನೆ.

ಕಳೆದ ತಿಂಗಳು ಗ್ರಾಫಿಕ್ ಡಿಸೈನ್ ಓದುತ್ತಿರುವ ಕೊನೆಯ ವರ್ಷದ ಹುಡುಗಿಯೊಬ್ಬಳು ನನ್ನನ್ನು ನೋಡಲು ಬಂದಿದ್ದಳು. ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದು ತಂದಿದ್ದಳು. ನನ್ನಲ್ಲಿ ಸೃಜನಶೀಲತೆ ಇದೆಯೇ? ಸ್ಫೂರ್ತಿಯನ್ನು ಎಲ್ಲಿಂದ ತರಲಿ? ನನಗೆ ಕೆಲಸ ಸಿಗುತ್ತದೆಯೇ? ಅಚ್ಚುಕಟ್ಟಾದ ಹುಡುಗಿ, ಪ್ರಶ್ನೆಗಳ ಕೆಳಗೆ ಬಣ್ಣದ ಗೆರೆಗಳನ್ನೂ ಹಾಕಿದ್ದಳು. ಮೊದಲ ಪ್ರಶ್ನೆ ನನಗೆ ಸ್ವಲ್ಪ ಬೇಸರ ತರಿಸುತ್ತದೆ. ಬಡಗಿಯ ಮಗ ಉಳಿ ಹಿಡಿಯುವ ಮೊದಲು 'ನನ್ನಲ್ಲಿ ಬಡಗಿತನ ಇದೆಯೇ' ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಅದನ್ನು ಬಿಟ್ಟು ಎರಡನೆಯದಕ್ಕೆ ಹೋದೆ. "ಈಗ ಸ್ಫೂರ್ತಿಯನ್ನು ಎಲ್ಲಿಂದ ತರುತ್ತಿದ್ದೀಯಮ್ಮ?" ಎಂದೆ. ಮೊಬೈಲ್ ತೆಗೆದು ತೋರಿಸಿದಳು. ಎಂಟುನೂರು ಚಿತ್ರಗಳನ್ನು ಉಳಿಸಿಕೊಂಡಿದ್ದಳು. ಎಲ್ಲವೂ ಚೆನ್ನಾಗಿದ್ದವು, ಎಲ್ಲವೂ ದೂರದ ದೇಶದವು. ಕನ್ನಡ ಅಕ್ಷರ ಇದ್ದ ಚಿತ್ರಗಳನ್ನು ಇಬ್ಬರೂ ಕೂತು ಎಣಿಸಿದೆವು. ನಾಲ್ಕು. ಅದರಲ್ಲಿ ಒಂದು ಮದುವೆಯ ಕರೆಯೋಲೆ.

ಅವಳಿಗೆ ಹೇಳಿದ ಕತೆಯನ್ನೇ ನಿಮಗೂ ಹೇಳುತ್ತೇನೆ.

ನಾನು ಪಿಯುಸಿ ಪರೀಕ್ಷೆ ಮುಗಿಸಿದ ಬೇಸಿಗೆ ಅದು. ಊರು ತಿಪಟೂರು. ಬಸ್ ನಿಲ್ದಾಣದ ಹತ್ತಿರ ಬೋರ್ಡ್ ಬರೆಯುವವರೊಬ್ಬರ ಅಂಗಡಿ. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಬೆಂಚು, ಟರ್ಪೆಂಟೈನ್ ವಾಸನೆ. ನಾನು ಚೆನ್ನಾಗಿ ಚಿತ್ರ ಬರೆಯುತ್ತೇನೆಂದು ಊರೆಲ್ಲ ಹೊಗಳುತ್ತಿದ್ದ ಕಾಲ, ತಲೆಯೂ ತಿರುಗಿತ್ತು. "ಅಣ್ಣ, ನಿಮ್ಮ ಹತ್ತಿರ ಕೆಲಸ ಕಲಿಯುತ್ತೇನೆ" ಎಂದೆ. ಅವರು ನನ್ನ ಚಿತ್ರಗಳ ಕಟ್ಟನ್ನು ಬಿಚ್ಚಿಯೂ ನೋಡಲಿಲ್ಲ. ತಗಡನ್ನು ಉಜ್ಜಲು ಹೇಳಿದರು. ಮೂರು ವಾರ ಉಜ್ಜಿದೆ, ಬಿಳಿ ಬಣ್ಣ ಬಳಿದೆ, ಒಣಗಿದ ಮೇಲೆ ಮತ್ತೆ ಬಳಿದೆ. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡು ತುದಿಯಲ್ಲಿ ಬಿಗಿಯಾಗಿ ಹಿಡಿದು, ನಡುವೆ ಮೀಟಿದರೆ ತಗಡಿನ ಮೇಲೆ ನೇರ ಗೆರೆ ಬೀಳುತ್ತದೆ. ಅದನ್ನು ಮಾಡುವುದು ನನಗೆ ಇವತ್ತಿಗೂ ಖುಷಿ. ಇರಲಿ.

ನಾಲ್ಕನೆಯ ವಾರ ಒಂದು ಹಿಟ್ಟಿನ ಗಿರಣಿಯ ಬೋರ್ಡ್ ಬಂತು. ಆರು ಅಡಿ ಉದ್ದ, ಎರಡು ಅಡಿ ಎತ್ತರ. ಅಣ್ಣನವರಿಗೆ ಆ ದಿನ ಬೇರೆ ಊರಿನಲ್ಲಿ ಕೆಲಸವಿತ್ತು. "ನೀನೇ ಬರೆ" ಎಂದು ಹೊರಟುಬಿಟ್ಟರು. ನನಗೆ ರೆಕ್ಕೆ ಬಂದ ಹಾಗಾಯಿತು. ತಗಡು ಎರಡು ಅಡಿ ಇದೆಯಲ್ಲ, ಅಕ್ಷರವೂ ಸುಮಾರು ಎರಡು ಅಡಿ ಇರಲಿ ಎಂದುಕೊಂಡು ಮೇಲಿನ ಗೆರೆಯನ್ನು ಮೇಲಂಚಿಗೆ, ಕೆಳಗಿನ ಗೆರೆಯನ್ನು ಕೆಳಗಿನ ಅಂಚಿಗೆ ಹೊಡೆದೆ. ಕೆಂಪು ಬಣ್ಣ, ನೀಲಿ ನೆರಳು, ಗುಡಿಸಿನ ತುದಿಗೆ ಬಳ್ಳಿಯ ಹಾಗೆ ಒಂದು ಸುರುಳಿ. ಹಿ, ಟಿ, ನ, ಗಿ, ರ, ಣಿ. ಭರ್ಜರಿಯಾಗಿ ಬಂತು. ಆಮೇಲೆ 'ಟಿ'ಯ ಒತ್ತು ಬರೆಯಲು ಹೋದರೆ ಕೆಳಗೆ ತಗಡೇ ಇಲ್ಲ! ಬೆರಳಿನ ಉಗುರಿನಷ್ಟು ಒಂದು ಒತ್ತನ್ನು ಹೇಗೋ ಅಂಚಿಗೆ ತುರುಕಿದೆ. ಅದಕ್ಕೂ ನೀಲಿ ನೆರಳು ಕೊಟ್ಟೆ ಎಂದರೆ ನನ್ನ ಧೈರ್ಯವನ್ನು ನೋಡಿ.

ಸಂಜೆ ಗಿರಣಿಯ ಯಜಮಾನರು ಬಂದರು. ಮೈಯೆಲ್ಲ ಹಿಟ್ಟು, ರೆಪ್ಪೆಯೂ ಬೆಳ್ಳಗೆ. ರಸ್ತೆಯ ಆಚೆ ಬದಿಯಲ್ಲಿಯೇ ನಿಂತು ಜೋರಾಗಿ ಓದಿದರು: "ಹಿಟಿನ ಗಿರಣಿ." ಇನ್ನೊಮ್ಮೆ ಓದಿದರು. ಆಮೇಲೆ ಈಚೆಗೆ ದಾಟಿ ಬಂದು ನಿಧಾನವಾಗಿ ಹೇಳಿದರು: "ಅಕ್ಕಿ, ಹಿಟ್ಟು, ರೊಟ್ಟಿ, ದುಡ್ಡು. ನನ್ನ ಕಸುಬಿನ ಮಾತೆಲ್ಲ ಒತ್ತಿನ ಮೇಲೆಯೇ ನಿಂತಿದೆ ಕಣಪ್ಪ. ಹಿಟ್ಟಿನ ಒತ್ತನ್ನು ನೀನು ನುಂಗಿದೆ. ದುಡ್ಡಿನ ಒತ್ತನ್ನು ನಾನು ನುಂಗಲೇ?"

ಮರುದಿನ ಬಂದ ಅಣ್ಣನವರು ಬೈಯಲಿಲ್ಲ. ಎಲ್ಲವನ್ನೂ ಟರ್ಪೆಂಟೈನ್ ಹಾಕಿ ಒರೆಸಿಸಿದರು. ಆಮೇಲೆ ಹೇಳಿದ ಮಾತನ್ನು ನಾನು ಕಲಿತ ಯಾವ ಪಾಠವೂ ಮೀರಿಲ್ಲ: "ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಒತ್ತು ಯಾವುದು, ಅದನ್ನು ಮೊದಲು ಹುಡುಕು. ಅದಕ್ಕೆ ಜಾಗ ಕೊಡು. ಮಿಕ್ಕ ಜಾಗದಲ್ಲಿ ಅಕ್ಷರ ಬರೆ." ಹಳೆಯ ಪತ್ರಿಕೆಗಳ ರಾಶಿ ಕೊಟ್ಟು ಹನ್ನೆರಡು ದಿನ ಬರೀ ಒತ್ತುಗಳನ್ನು ಬರೆಸಿದರು. ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ಹೆಚ್ಚಿನ ಒತ್ತುಗಳು ತಲೆಕಟ್ಟು ಕಳಚಿಟ್ಟ ಅಕ್ಷರಗಳೇ. ತ, ನ, ಮ, ಯ, ರ, ಲ ಮಾತ್ರ ವೇಷ ಬದಲಾಯಿಸಿಕೊಂಡು ಬರುತ್ತವೆ. ಹದಿಮೂರನೆಯ ದಿನ ಬಸ್ ನಿಲ್ದಾಣಕ್ಕೆ ಚಹಾ ಕುಡಿಯಲು ಹೋದೆ. ನೋಡಿದರೆ ಊರಿಗೆ ಊರೇ ಒತ್ತು! ಹಾಸನದ ಬಸ್ಸಿನ ಹಣೆಯ ಮೇಲೆ, ಔಷಧದ ಅಂಗಡಿಯ ಮೇಲೆ, ಕೊಬ್ಬರಿ ಮಂಡಿಯ ಗೋಡೆಯ ಮೇಲೆ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ. ಹದಿನೇಳು ವರ್ಷ ಅದೇ ಊರಿನಲ್ಲಿದ್ದೆ, ಒಂದನ್ನೂ ನೋಡಿರಲಿಲ್ಲ.

ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆಯಲ್ಲಮ್ಮ, ನನಗೆ ಬಂದದ್ದು ಅಲ್ಲಿಂದ. ಹನ್ನೆರಡು ದಿನ ಕೈ ನೋಯಿಸಿಕೊಂಡ ಮೇಲೆ ಬಂತು. ದಿನಕ್ಕೊಂದು ಅಕ್ಷರ, ಕೈಯಲ್ಲಿ, ಅಂಗೈ ಅಗಲ.

ಗಾಜಿನ ಆಚೆಯಿಂದ ನಾಲ್ಕು ಬೆರಳು ತೋರಿಸುತ್ತಿದ್ದಾರೆ, ನಾಲ್ಕೇ ನಿಮಿಷ ಉಳಿದಿದೆಯಂತೆ. ಕತೆ ಉದ್ದವಾಯಿತು. ಬೇಗ ಬೇಗ ಹೇಳುತ್ತೇನೆ.

ಆ ಹುಡುಗಿ ತನ್ನ ಕೊನೆಯ ವರ್ಷದ ಪೋಸ್ಟರ್ ತೋರಿಸಿದಳು. ಮೊದಲ ಸಾಲಿನಲ್ಲಿ 'ಸ್ವಾತಂತ್ರ್ಯ' ಎಂದಿತ್ತು. ಅದರ ಒತ್ತುಗಳು ಕೆಳಗಿನ ಸಾಲಿನ ಗುಡಿಸಿನ ಮೇಲೆ ಹತ್ತಿ ಕುಳಿತಿದ್ದವು. ಕಂಪ್ಯೂಟರ್ ಕೊಟ್ಟ ಸಾಲಿನ ಅಂತರವನ್ನು ಹಾಗೆಯೇ ಬಿಟ್ಟಿದ್ದಳು. ಅದು ಇಂಗ್ಲಿಷಿನ ಅಳತೆ. ಇಂಗ್ಲಿಷಿನಲ್ಲಿ ಅಕ್ಷರದ ಕೆಳಗೆ ಅಕ್ಷರ ನೇತಾಡುವುದಿಲ್ಲ. ನಮ್ಮಲ್ಲಿ ಒಂದಲ್ಲ, ಎರಡು ನೇತಾಡುತ್ತವೆ. ಆರು ಅಡಿಯ ತಗಡಿನಲ್ಲಿ ನಾನು ಮಾಡಿದ ತಪ್ಪನ್ನೇ ಅವಳು ದುಬಾರಿ ಕಂಪ್ಯೂಟರಿನಲ್ಲಿ ಮಾಡಿದ್ದಳು. ಇನ್ನೊಂದು: ಸಣ್ಣ ಅಚ್ಚಿನಲ್ಲಿ 'ಧ'ದ ಬುಡದ ಗೀಟು ಶಾಯಿಯಲ್ಲಿ ಮುಚ್ಚಿಹೋಗುತ್ತದೆ. ಆಗ ಧನಲಕ್ಷ್ಮಿ ದನಲಕ್ಷ್ಮಿಯಾಗುತ್ತಾಳೆ. ಕೈಯಲ್ಲಿ ಬರೆದವನು ಆ ಗೀಟಿಗೆ ಮೊದಲೇ ಜಾಗ ಬಿಡುತ್ತಾನೆ.

ಕೆಲಸದ ಪ್ರಶ್ನೆ. ತಂದೆ ತಾಯಂದಿರು ಇದಕ್ಕಾಗಿಯೇ ಕಾಯುತ್ತಿದ್ದೀರಿ ಎಂದು ನನಗೆ ಗೊತ್ತು. ಕರ್ನಾಟಕದಲ್ಲಿ ನಾಮಫಲಕದ 60 ಶೇಕಡ ಕನ್ನಡದಲ್ಲಿರಬೇಕು ಎಂದು 2024ರಲ್ಲಿ ಕಾನೂನು ಬಂತು. ಬೆಂಗಳೂರಿನ ಯಾವ ಬೀದಿಯಲ್ಲಾದರೂ ನಡೆದು ನೋಡಿ. ಇಂಗ್ಲಿಷ್ ಹೆಸರಿಗೆ ಚೆಂದದ ಅಕ್ಷರ, ಅದರ ಪಕ್ಕದಲ್ಲಿ ಕಂಪ್ಯೂಟರಿನಲ್ಲಿ ಸಿಕ್ಕ ಯಾವುದೋ ಕನ್ನಡ, ಎಳೆದು ಹಿಗ್ಗಿಸಿದ್ದು. ಇಷ್ಟೂ ಬೋರ್ಡುಗಳನ್ನು ಯಾರಾದರೂ ಸರಿಯಾಗಿ ಮಾಡಬೇಕಲ್ಲವೇ? ಮಸಾಲೆ ಪುಡಿಯ ಪೊಟ್ಟಣ, ಮಕ್ಕಳ ಪುಸ್ತಕ, ಮೊಬೈಲ್ ಆ್ಯಪ್, ಎಲ್ಲ ಕಡೆಯೂ ಇದೇ ಅವಸ್ಥೆ. ಕನ್ನಡ ಬಲ್ಲ ವಿನ್ಯಾಸಕಾರರು ಬೇಕು ಎಂದು ನನಗೆ ಫೋನ್ ಬರುತ್ತದೆ. ಕಳುಹಿಸಲು ನನ್ನ ಹತ್ತಿರ ಹುಡುಗರಿಲ್ಲ.

ರೂಪಾಯಿಯ ಚಿಹ್ನೆ ನಿಮ್ಮ ಜೇಬಿನ ನೋಟಿನ ಮೇಲೆ ಇದೆ. 2010ರಲ್ಲಿ ಅದು ಆಯ್ಕೆಯಾಯಿತು. ಸ್ಪರ್ಧೆಗೆ 3,000ಕ್ಕೂ ಹೆಚ್ಚು ಚಿಹ್ನೆಗಳು ಬಂದಿದ್ದವು. ಗೆದ್ದ ಉದಯಕುಮಾರ್ ಮುಂಬೈ ಐಐಟಿಯಲ್ಲಿ ಸಂಶೋಧನೆ ಮಾಡಿದವರು, ಅವರ ವಿಷಯ ತಮಿಳು ಲಿಪಿ. ಗಮನಿಸಿ, ಲಿಪಿ! ದೇವನಾಗರಿಯ 'ರ' ಮತ್ತು ರೋಮನ್ನಿನ 'ಆರ್' ಎರಡನ್ನೂ ಒಂದೇ ಅಕ್ಷರದಲ್ಲಿ ಕೂರಿಸಿದರು. ಅಕ್ಷರದ ಜೊತೆ ವರ್ಷಗಟ್ಟಲೆ ಕೂತವರಿಗೆ ಹೊಳೆಯುವ ಉಪಾಯ ಅದು.

ಪ್ರವೇಶ ಪರೀಕ್ಷೆಗಳಿವೆ. ಐಐಟಿಗಳ ಡಿಸೈನ್ ಪದವಿಗೆ ಯುಸೀಡ್ ಬರೆಯಬೇಕು. 1961ರಲ್ಲಿ ಶುರುವಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಗೆ ಅದರದ್ದೇ ಪರೀಕ್ಷೆ ಇದೆ. ಮೈಸೂರಿನ ಕಲಾ ಕಾಲೇಜು ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಮ್ಮಲ್ಲೇ ಇವೆ. ಯಾವುದಕ್ಕಾದರೂ ಹೋಗಿ. ಹೋಗುವ ಮೊದಲು, ಅಲ್ಲಿದ್ದಾಗ, ಮುಗಿಸಿದ ಮೇಲೆ, ದಿನಕ್ಕೊಂದು ಅಕ್ಷರ.

ಕೃತಕ ಬುದ್ಧಿಮತ್ತೆಯ ಬಗ್ಗೆಯೂ ಹೇಳಿ ಎಂದು ಚೀಟಿ ಕೊಟ್ಟಿದ್ದರು. ಒಂದೇ ಮಾತು: ಯಂತ್ರ ಬರೆದ ಕನ್ನಡದಲ್ಲಿ ಒತ್ತು ತಪ್ಪಿದ್ದರೆ ಹಿಡಿಯಲು ಒಂದು ಕಣ್ಣು ಬೇಕು. ಆ ಕಣ್ಣು ಕೈಯಿಂದ ಬರುತ್ತದೆ. ಕೈಯಲ್ಲಿ ಬರೆಯಿರಿ.

ಒಂದು ಬೆರಳು ತೋರಿಸುತ್ತಿದ್ದಾರೆ. ಕಳೆದ ವರ್ಷ ತಿಪಟೂರಿಗೆ ಹೋಗಿದ್ದೆ. ಬೋರ್ಡ್ ಬರೆಯುವ ಅಂಗಡಿ ಈಗ ಇಲ್ಲ. ಗಿರಣಿ ಇದೆ, ಮಗ ನಡೆಸುತ್ತಿದ್ದಾರೆ. ತಗಡಿನ ಜಾಗದಲ್ಲಿ ಫ್ಲೆಕ್ಸ್ ಬಂದಿದೆ. ರಸ್ತೆಯ ಆಚೆ ಬದಿಯಲ್ಲಿ ನಿಂತು ಓದಿದೆ. 'ಹಿಟ್ಟಿನ' ಒತ್ತು ದೊಡ್ಡದಾಗಿಯೇ ಇದೆ, ಆದರೆ ಕೆಳಗಿನ ಸಾಲಿನ ಮೊಬೈಲ್ ಸಂಖ್ಯೆಯ ಮೇಲೆ ಕುಳಿತಿದೆ. ಮೂರನೆಯ ಅಂಕಿ ಒಂದೋ ಏಳೋ ತಿಳಿಯುವುದಿಲ್ಲ. "ಫೋನ್ ಮಾಡಿ ಯಾರೂ ಕೇಳುವುದಿಲ್ಲ ಸ್ವಾಮಿ, ಎಲ್ಲರೂ ಚೀಲ ಹಿಡಿದು ನೇರವಾಗಿ ಬರುತ್ತಾರೆ" ಎಂದರು ಅವರು. ಯಾಕೆ ಎಂದು ನಾನು ಹೇಳಲು ಹೋಗಲಿಲ್ಲ. ಎರಡು ಕಿಲೋ ರಾಗಿ ಹಿಟ್ಟು ತೆಗೆದುಕೊಂಡು ಬಂದೆ. ನಮಸ್ಕಾರ.